ರೊಪ್ಪದ ಕಲ್ಲು ಮಾರೋ ಮುಂಚೆ

ಈ ಸಲ ಬೆಳೆ ವಿಚಾರ ಬರೀತಿಲ್ಲ, ಕಲ್ಲಿನ ವಿಚಾರ ಬರೀತಿದೀನಿ. ಉದ್ದ ಆಗುತ್ತೆ, ಸಂಜೆ ಪುರುಸೊತ್ತು ಮಾಡ್ಕೊಂಡು ಓದಿ. ಭಾನುವಾರದ ಒಳಗೆ ಓದಿದ್ರೆ ಇನ್ನೂ ಒಳ್ಳೇದು, ಯಾಕೆ ಅಂತ ಈಗ ಹೇಳ್ತೀನಿ.

ಹೋದ ವಾರ ಕಲ್ಲು ಕೊಳ್ಳೋರು ಇಬ್ಬರು ಬೈಕಲ್ಲಿ ನಮ್ಮೂರಿಗೆ ಬಂದಿದ್ರು. ಗೋಮಾಳದ ಅಂಚಲ್ಲಿರೋ ಹಳೇ ಕುರಿರೊಪ್ಪ, ಅಲ್ಲಿಂದ ಕೆರೆವರೆಗೆ ಹೋಗೋ ದನದ ಓಣಿ, ಅದರ ಎರಡೂ ಬದಿ ಕಲ್ಲುಗೋಡೆ, ಎಲ್ಲಾ ಸುತ್ತಾಡಿ ನೋಡಿದ್ರು. ಮನೆ ಪಾಯಕ್ಕೆ ಒಳ್ಳೆ ಕಲ್ಲು, ಟ್ರ್ಯಾಕ್ಟರ್ ಲೋಡಿಗೆ ಇಷ್ಟು ಕೊಡ್ತೀವಿ, ಜೆಸಿಬಿ ಖರ್ಚೂ ನಮ್ದೇ ಅಂದ್ರು. ಊರಲ್ಲಿ ದೇವಸ್ಥಾನದ ಮೇಲ್ಛಾವಣಿ ಕೆಲಸ ಅರ್ಧಕ್ಕೆ ನಿಂತಿದೆ. ಕೇಳಿದವರಿಗೆಲ್ಲ ಬಾಯಲ್ಲಿ ನೀರು ಬಂತು. "ಯಾರೂ ಕುರಿ ಕೂಡದ ರೊಪ್ಪ, ಹಾವು ಚೇಳಿನ ಮನೆ, ಮಾರಿದ್ರೆ ದೇವರ ಕೆಲಸಕ್ಕಾದ್ರೂ ಆಗ್ತದೆ" ಅಂತ ಒಬ್ಬರು ಅಂದ್ರು. ಭಾನುವಾರ ಅರಳಿಕಟ್ಟೆ ಹತ್ರ ಸೇರಿ ತೀರ್ಮಾನ ಮಾಡೋದು ಅಂತಾಗಿದೆ.

ನಾನು ಬೇಡ ಅಂತೀನಿ. ಅರಳಿಕಟ್ಟೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಕ್ಕೆ ಯಾರೂ ಬಿಡಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಬೇರೆ ಊರಿನವರೂ ಓದಿ, ನಿಮ್ಮೂರಿಗೂ ಇಂದಲ್ಲ ನಾಳೆ ಆ ಬೈಕ್ ಬರುತ್ತೆ.

ಮೊದಲು ನನ್ನ ತಪ್ಪು ಒಪ್ಕೊಂಡುಬಿಡ್ತೀನಿ. 2011ರಲ್ಲಿ ನಾನೂ ಕಲ್ಲು ಮಾರಿದ್ದೆ. ಓಣಿ ಪಕ್ಕದ ನಮ್ಮ ಹೊಲದ ಗೋಡೆ, ನಮ್ಮ ತಾತನ ಕಾಲದ್ದು, 22 ಟ್ರ್ಯಾಕ್ಟರ್ ಲೋಡು ಕಲ್ಲು. ಬಂದ ದುಡ್ಡಲ್ಲಿ ಸಿಮೆಂಟ್ ಕಂಬ ನೆಟ್ಟು ಮುಳ್ಳುತಂತಿ ಎಳೆಸಿದೆ. ಗೋಡೆ ಇದ್ದ ಜಾಗ ಮೂರಡಿ ಅಗಲ ಉಳಿಯಿತು, ಇನ್ನೊಂದು ಸಾಲು ರಾಗಿ ಬಿತ್ತಬಹುದು ಅಂತ ಖುಷಿಪಟ್ಟೆ. ಮುಂದೆ ಏನಾಯ್ತು ಅಂತ ಆಮೇಲೆ ಹೇಳ್ತೀನಿ. ಅದಕ್ಕೂ ಮುಂಚೆ ಈ ಕಲ್ಲು ಎಲ್ಲಿಂದ ಬಂತು, ಯಾರು ಜೋಡಿಸಿದ್ರು ಅಂತ ಸ್ವಲ್ಪ ನೋಡಬೇಕು.

ನಮ್ಮ ಸೀಮೆ ದನ ಕುರಿ ಮೇಯಿಸಿದ ಸೀಮೆ. ಚಿತ್ರದುರ್ಗ, ತುಮಕೂರು, ಕಡೂರು, ಅರಸೀಕೆರೆ, ಆ ಕಡೆ ಬಳ್ಳಾರಿವರೆಗೆ ಮಳೆ ಕಮ್ಮಿ, ಹುಲ್ಲು ಜಾಸ್ತಿ, ಕಲ್ಲು ಇನ್ನೂ ಜಾಸ್ತಿ. ಇಲ್ಲಿ ದನ ಕೂಡಿಹಾಕೋದು ಎಷ್ಟು ಹಳೇದು ಅಂದ್ರೆ ಬಳ್ಳಾರಿ ಹತ್ತಿರ ಕುಡತಿನಿಯ ಬೂದಿಗುಡ್ಡ ನೋಡಬೇಕು. ರಾಕ್ಷಸನನ್ನ ಸುಟ್ಟ ಬೂದಿ ಅಂತ ಜನ ಕಥೆ ಹೇಳ್ತಾರೆ. ನಿಜವಾಗಿ ಅದು ಸಗಣಿ ಬೂದಿ. ನಾಲ್ಕು, ಐದು ಸಾವಿರ ವರ್ಷದ ಹಿಂದೆ ಇಲ್ಲಿದ್ದ ಜನ ದನ ಕೂಡಿಹಾಕ್ತಿದ್ರು, ಸಗಣಿ ಗುಡ್ಡೆ ಬೀಳ್ತಿತ್ತು, ಆಗಾಗ ಬೆಂಕಿ ಇಡ್ತಿದ್ರು. ಹಂಗೆ ಸುಟ್ಟು ಸುಟ್ಟು ಗುಡ್ಡ ಆಯ್ತು. ರಾಯಚೂರು ದಾಟಿ ಈಗ ತೆಲಂಗಾಣದಲ್ಲಿರೋ ಉಟ್ನೂರಲ್ಲಿ 1957ರಲ್ಲಿ ಆಲ್ಚಿನ್ ಅನ್ನೋ ಇಂಗ್ಲಿಷ್ ವಿದ್ವಾಂಸರು ಅಂಥದ್ದೇ ಒಂದು ಗುಡ್ಡ ಅಗೆಸಿದ್ರು. ಬೇಲಿ ಕಂಬ ನೆಟ್ಟಿದ್ದ ಗುಂಡಿಗಳ ಸಾಲು ಸಿಕ್ತು, ಒಳಗೆ ದನದ ಗೊರಸಿನ ಗುರುತು ಹಾಗೇ ಉಳಿದಿತ್ತು. ಆಮೇಲೆ 1990ರ ದಶಕದಲ್ಲಿ ನಮ್ಮವರೇ ಆದ ಪದ್ದಯ್ಯನವರು ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಅಗೆಸಿ ಇನ್ನಷ್ಟು ತೋರಿಸಿದ್ರು. ಅಂದ್ರೆ ಊರು, ಕೋಟೆ, ಗುಡಿಗಳು ಬರೋಕೂ ಮೊದಲು ಇಲ್ಲಿ ದನದ ದೊಡ್ಡಿ ಇತ್ತು.

ಊರ ಹೆಸರುಗಳನ್ನೇ ನೋಡಿ. ಎಷ್ಟು ಊರು ಹಟ್ಟಿ ಅಂತ ಮುಗೀತಾವೆ! ರಾಮನಗರ, ಕನಕಪುರ ಕಡೆ ಹೋದ್ರೆ ಎಲ್ಲಾ ದೊಡ್ಡಿ. ಕಾಡಂಚಲ್ಲಿ ದನ ಕೂಡಿಹಾಕಿದ ಜಾಗದಲ್ಲೇ ಗುಡಿಸಲು ಬಿದ್ದು ಊರಾಯ್ತು. ಮೇವಿನ ಕಾವಲು ಇದ್ದ ಕಡೆ ಊರಿನ ಹೆಸರಲ್ಲೂ ಕಾವಲು ಸೇರ್ಕೊಂತು. ನಮ್ಮೂರ ಆಂಜನೇಯನ ಗುಡಿ ಹಿಂದೆ ಒಂದು ವೀರಗಲ್ಲು ವಾಲ್ಕೊಂಡು ನಿಂತಿದೆಯಲ್ಲ, ಅದರ ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದ ಒಬ್ಬ. ಅದು ತುರುಗೊಳ್. ತುರು ಅಂದ್ರೆ ಹಸು. ಬೇರೆಯವರು ದನ ಹೊಡ್ಕೊಂಡು ಹೋಗೋಕೆ ಬಂದಾಗ ಅಡ್ಡ ನಿಂತು ಸತ್ತವನಿಗೆ ಊರವರು ನಿಲ್ಲಿಸಿದ ಕಲ್ಲು. ಇಂಥವು ಕರ್ನಾಟಕದ ತುಂಬಾ ಇದಾವೆ. ಆ ಕಾಲದಲ್ಲಿ ಆಸ್ತಿ ಅಂದ್ರೆ ದನ. ರೊಪ್ಪ, ದೊಡ್ಡಿ ಅಂದ್ರೆ ಬ್ಯಾಂಕಿನ ಲಾಕರ್ ಇದ್ದಂಗೆ.

ಆಮೇಲೆ ಅಮೃತಮಹಲ್ ಕಾವಲುಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರು ಅರಮನೆ ದನಗಳಿಗೆ ಅಂತ ಬೆಣ್ಣೆ ಚಾವಡಿ ಮಾಡಿದ್ರು. ಹೈದರಾಲಿ ಅದೇ ತಳಿಯ ಎತ್ತುಗಳನ್ನ ಫಿರಂಗಿ, ಸಾಮಾನು ಎಳೆಯೋಕೆ ಬಳಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟು, ದನ ಹೆಂಗೆ ಸಾಕಬೇಕು ಅಂತ ಹುಕುಂ ಬರೆಸಿದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರೂ ಆ ನಿಯಮಗಳನ್ನೇ ಮುಂದುವರಿಸಿದ್ರು. 1860ರಲ್ಲಿ ಖರ್ಚು ಉಳಿಸೋಕೆ ಅಂತ ಮುಚ್ಚಿ, ಒಳ್ಳೆ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರು ಮಾಡಿದ್ರು. ಕಲ್ಲು ಮಾರಿ ಆಮೇಲೆ ಕಲ್ಲು ಹುಡುಕೋ ನನ್ನಂಥವರು ಆಗಲೂ ಇದ್ರು ಅನ್ನಿ. 1929ರಿಂದ ಅಜ್ಜಂಪುರದಲ್ಲಿ ತಳಿ ಕೇಂದ್ರ ನಡೀತಿದೆ.

ಈ ಕಾವಲುಗಳು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಜಾಸ್ತಿ ಇದ್ವು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಮೂರು ತರ. ನೀರು ನೆರಳು ಇರೋ ಕಡೆ ಬೇಸಿಗೆ, ಹುಲ್ಲು ಚಿಗುರೋ ಕಡೆ ಮಳೆಗಾಲ. ದನ ಒಂದರಿಂದ ಇನ್ನೊಂದಕ್ಕೆ ನಡ್ಕೊಂಡೇ ಹೋಗ್ತಿದ್ವು. ಇವು ನಮ್ಮ ಕೊಟ್ಟಿಗೆ ಹಸುವಿನ ಹಾಗಲ್ಲ, ಅರ್ಧ ಕಾಡುದನ. ಹೋರಿಗಳನ್ನ ಹಿಡಿದು ಪಳಗಿಸಬೇಕಾದಾಗ ಮಂದೆಯನ್ನ ಮೊದಲು ಒಂದು ದೊಡ್ಡ ಮೊಟ್ಟೆ ಆಕಾರದ ಆವರಣಕ್ಕೆ ಅಟ್ಟೋರು, ಅಲ್ಲಿಂದ ಚೌಕದ ಅಂಗಳಕ್ಕೆ ನುಗ್ಗಿಸೋರು, ಕುಣಿಕೆ ಹಾಕಿ ಹಿಡಿದು ಗಟ್ಟಿ ಕಂಬಕ್ಕೆ ಕಟ್ಟೋರು. ಆವರಣಕ್ಕೆ ಮೂಲೆ ಇದ್ರೆ ಹೆದರಿದ ದನ ಮೂಲೆಗೆ ಒತ್ತರಿಸ್ಕೊಂಡು ಒಂದನ್ನೊಂದು ತುಳೀತಾವೆ. ದುಂಡಗಿದ್ರೆ ಸುತ್ತ ತಿರುಗ್ತಾವೆ. ನಮ್ಮ ಕುರಿರೊಪ್ಪಗಳೂ ದುಂಡಗೇ ಇರೋದು ನೆನಪು ಮಾಡ್ಕೊಳ್ಳಿ.

ಅಂದ್ರೆ ಇಡೀ ಈ ಸೀಮೆಯ ಬದುಕು ನಿಂತಿದ್ದು ದನ ನಡೆಯೋದರ ಮೇಲೆ. ಹೊಲದ ಸುತ್ತ ಗೋಡೆ ಬಂದಿದ್ದೂ ಅದಕ್ಕೇ. ಪೈರು ಇರೋ ಹೊಲ ಒಂದು ಕಡೆ, ನಡೆಯೋ ದನ ಇನ್ನೊಂದು ಕಡೆ, ನಡುವೆ ಗೋಡೆ. ದನ ಬರಲೇಬಾರದು ಅಂತ ಆ ಗೋಡೆ ಕಟ್ಟಲಿಲ್ಲ. ದನ ಈ ದಾರೀಲಿ ಬರ್ತಾವೆ ಅಂತ ಮೊದಲೇ ಒಪ್ಪಿಕೊಂಡು, ಪೈರಿಗೆ ಬಾಯಿ ಹಾಕದಂಗೆ ಕಟ್ಟಿದ್ರು. ನಮ್ಮ ಓಣಿ ನೋಡಿ, ಆ ಹೊಲದವನು ತನ್ನ ಕಡೆ ಗೋಡೆ ಕಟ್ಟಿದ, ಈ ಹೊಲದವನು ತನ್ನ ಕಡೆ ಕಟ್ಟಿದ, ನಡುವೆ ಹದಿನಾರು ಅಡಿ ಬಿಟ್ಟರು. ಎರಡು ಎತ್ತಿನಗಾಡಿ ಎದುರುಬದುರಾದ್ರೂ ದಾಟಬಹುದಿತ್ತು. ನನ್ನ ಪ್ರಕಾರ ಗೋಡೆ, ಓಣಿ, ರೊಪ್ಪ, ಗೋಮಾಳ, ಕೆರೆ ಈ ಐದೂ ಸೇರಿ ಒಂದೇ ಕೆಲಸ. ಒಂದು ಕಿತ್ತರೆ ಉಳಿದಿದ್ದು ತಾನಾಗೇ ಹೋಗುತ್ತೆ.

ಕಲ್ಲು ಎಲ್ಲಿಂದ ಬಂತು? ಬಹಳ ಮಟ್ಟಿಗೆ ಹೊಲದಿಂದಲೇ. ಹೊಲ ಮಾಡೋಕೆ ಕಲ್ಲು ಆಯಬೇಕಿತ್ತು, ಆಯ್ದ ಕಲ್ಲು ಎಲ್ಲಾದ್ರೂ ಹಾಕಬೇಕಿತ್ತು. ಉತ್ತಾಗಲೆಲ್ಲ ಮೇಲೆ ಬಂದ ಕಲ್ಲನ್ನ ಹೆಂಗಸರು ಮಕ್ಕಳು ಮಂಕರಿಯಲ್ಲಿ ಹೊತ್ತು ಅಂಚಿಗೆ ಸುರೀತಿದ್ರು. ದೊಡ್ಡ ಗುಂಡು ಇದ್ರೆ ಒಡ್ಡರನ್ನ ಕರೆಸಿ ಉಳಿ, ಸುತ್ತಿಗೆಯಲ್ಲಿ ಸೀಳಿಸ್ತಿದ್ರು. ಹಾಗಾಗಿ ಯಾವ ಹೊಲದ ಗೋಡೆ ದಪ್ಪ ಇದೆಯೋ ಆ ಹೊಲ ಮಾಡೋಕೆ ಅಷ್ಟು ಕಷ್ಟ ಬಿದ್ದಿದಾರೆ ಅಂತ ಅರ್ಥ. ನಮ್ಮ ಅಜ್ಜಿ ಹೇಳೋರು, ಮದುವೆಯಾಗಿ ಬಂದ ವರ್ಷ ಬೇಸಿಗೆ ಪೂರ್ತಿ ಕಲ್ಲೇ ಹೊತ್ತೆ ಅಂತ.

ಜೋಡಿಸೋದು ಸುಮ್ಮನೆ ಅಲ್ಲ. ಗಾರೆ ಇಲ್ಲ, ಮಣ್ಣೂ ಇಲ್ಲ. ತಳಕ್ಕೆ ದೊಡ್ಡ ಕಲ್ಲು, ಅರ್ಧ ಭೂಮಿ ಒಳಗೆ. ಎರಡು ಮುಖ ಎಬ್ಬಿಸಿ ನಡುವೆ ಚೂರು ಕಲ್ಲು ತುಂಬಬೇಕು. ಅಲ್ಲಲ್ಲಿ ಉದ್ದ ಕಲ್ಲನ್ನ ಅಡ್ಡ ಮಲಗಿಸಬೇಕು, ಅದು ಎರಡೂ ಮುಖ ಹಿಡ್ಕೊಳ್ಳುತ್ತೆ. ಒಂದು ಕಲ್ಲಿನ ಸಂದಿ ಮೇಲೆ ಇನ್ನೊಂದು ಸಂದಿ ಬರಬಾರದು. ಅಲ್ಲಾಡಿದ ಕಡೆ ಚಕ್ಕೆ ಬಡಿಯಬೇಕು. ಮೇಲೆ ಹೋಗ್ತಾ ಹೋಗ್ತಾ ಸಣ್ಣ ಆಗಬೇಕು. ಸಂದಿ ಇರೋದ್ರಿಂದ ನೀರು ಹಾದು ಹೋಗುತ್ತೆ, ಮಣ್ಣು ಹಿಂದೆ ನಿಲ್ಲುತ್ತೆ. ಸಿಮೆಂಟ್ ಗೋಡೆ ಹಿಂದೆ ನೀರು ನಿಂತು ಒತ್ತಿ ಒತ್ತಿ ಒಂದಿನ ಗೋಡೆ ಮಲಗುತ್ತೆ, ಇದಕ್ಕೆ ಆ ಭಯ ಇಲ್ಲ. ಒಂದು ಕಡೆ ಬಿದ್ರೆ ಬಿದ್ದ ಕಲ್ಲನ್ನೇ ಮತ್ತೆ ಎತ್ತಿಡಬಹುದು, ಹೊಸದಾಗಿ ಏನೂ ಕೊಳ್ಳಬೇಕಿಲ್ಲ.

ರೊಪ್ಪದ್ದು ಇನ್ನೂ ಜಾಣತನ. ಎದೆಮಟ್ಟ ಕಲ್ಲು, ಅದರ ಮೇಲೆ ಕಾರೆಮುಳ್ಳು ಇಲ್ಲ ಬಾರೆಮುಳ್ಳು ಹೊರಗಡೆ ಚಾಚಿ ಹೇರೋದು. ತೋಳ ಹಾರಬಾರದು, ಚಿರತೆ ಬಂದ್ರೂ ಕುರಿ ಕಚ್ಕೊಂಡು ವಾಪಸ್ ಹಾರೋಕೆ ಕಷ್ಟ ಆಗಬೇಕು. ಬಾಗಿಲು ಚಿಕ್ಕದು, ಮುಳ್ಳಿನ ತಡಿಕೆ. ಸಂಜೆ ಕುರಿಗಳು ಒಂದೊಂದಾಗಿ ನುಗ್ಗಬೇಕು, ಹಂಗೇ ಎಣಿಕೆ ಆಗಿಹೋಗ್ತಿತ್ತು. ಒಳಗೆ ಮರಿಗಳಿಗೆ ಬೇರೆ ಸಣ್ಣ ಗೂಡು. ನಮ್ಮ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಳ್ಳಿನ ಬೇಲಿಗೆ ದೇವರ ಮರ್ಯಾದೆಯೇ ಇತ್ತು. ಚಳ್ಳಕೆರೆ ಕಡೆ ಕ್ಯಾತಪ್ಪನ ಪರಿಸೆಯಲ್ಲಿ ಇವತ್ತಿಗೂ ಬಾರೆಮುಳ್ಳಿನ ಗುಡಿ ಕಟ್ಟಿ, ಬರಿಗಾಲಲ್ಲಿ ಅದನ್ನ ಹತ್ತಿ ಕಳಶ ಇಳಿಸ್ತಾರೆ. ಮ್ಯಾಸಬೇಡರು ದೇವರ ಎತ್ತುಗಳನ್ನ ಸಾಕ್ತಾರೆ, ಕಿಲಾರಿಗಳು ಅವನ್ನ ಮೇಯಿಸ್ತಾರೆ. ಬೇಲಿ, ರೊಪ್ಪ ಅಂದ್ರೆ ನಮ್ಮ ಹಿರೀಕರಿಗೆ ಬರೀ ಕಲ್ಲುಮುಳ್ಳು ಆಗಿರಲಿಲ್ಲ.

ಗೋಡೆ ಇದ್ರೂ ದನ ನುಗ್ಗೋದು ನುಗ್ಗುತ್ತಿತ್ತು. ಅದಕ್ಕೆ ಸರ್ಕಾರದ ದೊಡ್ಡಿ. 1871ರಲ್ಲಿ ಇಂಗ್ಲಿಷರು ದನಗಳ ಅತಿಕ್ರಮ ಪ್ರವೇಶದ ಕಾಯ್ದೆ ಮಾಡಿದ್ರು, ನಮ್ಮ ರಾಜ್ಯದ್ದು 1966ರಲ್ಲಿ ಬಂತು. ಪೈರು ಮೇಯ್ದ ದನ ಹಿಡಿದು 24 ಗಂಟೆ ಒಳಗೆ ದೊಡ್ಡಿಗೆ ಹೊಡೀಬೇಕು, ಯಜಮಾನ ತಲೆಗೆ ಇಷ್ಟು ಅಂತ ಕಟ್ಟಿ ಬಿಡಿಸ್ಕೊಂಡು ಹೋಗಬೇಕು. ಉತ್ತರ ಕರ್ನಾಟಕದವರು ಅದನ್ನ ಕೊಂಡವಾಡ ಅಂತಾರೆ. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ನಮ್ಮ ಕೆಂದಿ ಹಸುವನ್ನ ದೊಡ್ಡಿಗೆ ಹೊಡೆದಿದ್ರು. ಅಪ್ಪನ ಜೊತೆ ನಾನೂ ಹೋಗಿದ್ದೆ. ಕಲ್ಲುಗೋಡೆ ಮೇಲಿಂದ ಕತ್ತು ಚಾಚಿ ನಮ್ಮನ್ನ ನೋಡಿ ಅಂಬಾ ಅಂತು. ಅಪ್ಪನ ಹತ್ರ ಪೂರ್ತಿ ದುಡ್ಡಿರಲಿಲ್ಲ. ಹೊಡೆದವನೇ ಬಂದು "ತಗೋ ಮಾರಾಯ, ಉಗಾದಿಗೆ ಕೊಡು" ಅಂತ ಕೈಗಿಟ್ಟ. ಹೊಡೆದವನೂ ಅವನೇ, ಬಿಡಿಸಿದವನೂ ಅವನೇ. ಜಗಳಕ್ಕೂ ಒಂದು ಜಾಗ, ಒಂದು ಕ್ರಮ ಇತ್ತು. ಈಗ ಪಂಚಾಯ್ತಿ ದೊಡ್ಡಿಗಳು ಎಷ್ಟು ಕಡೆ ಉಳಿದಿದಾವೆ ನೀವೇ ಹೇಳಿ. ಈಗ ದನ ನುಗ್ಗಿದ್ರೆ ನೇರ ಸ್ಟೇಷನ್ನು, ಇಲ್ಲ ರಾತ್ರೋರಾತ್ರಿ ದನದ ಕಾಲು ಮುರಿಯೋದು.

ಬೇಲಿಗಳಲ್ಲಿ ಬೇರೆ ತರದ್ದೂ ಬಂದವು, ಹೋದವು. ಹಿಂದೆ ಪಾಪಾಸುಕಳ್ಳಿ ಬೇಲಿ ಎಲ್ಲಾ ಕಡೆ ಇತ್ತಂತೆ. ಅದು ಹೊಲಕ್ಕೂ ಹಬ್ಬಿ ಕಾಟ ಕೊಟ್ಟಾಗ 1926ರಲ್ಲಿ ಸಿಂಹಳದಿಂದ ಒಂದು ಹುಳ ತರಿಸಿ ದಕ್ಷಿಣದಲ್ಲಿ ಬಿಟ್ಟರು, ಕೆಲವೇ ವರ್ಷದಲ್ಲಿ ಕಳ್ಳಿ ಹೇಳಹೆಸರಿಲ್ಲದಂಗೆ ಹೋಯ್ತು. ಬಳ್ಳಾರಿ ಜಾಲಿಯೂ ಹೊರಗಿನದೇ, ಬೇಲಿಗೂ ಸೌದೆಗೂ ಆಗುತ್ತೆ ಅಂತ ಬಂದಿದ್ದು ಈಗ ಕಾವಲು, ಕೆರೆ ಅಂಗಳ ಎಲ್ಲಾ ನುಂಗಿದೆ. ಇಷ್ಟೆಲ್ಲ ಬಂದು ಹೋದ್ರೂ ಕಲ್ಲು ಮಾತ್ರ ಇಟ್ಟಲ್ಲೇ ಇದೆ.

ಮುಳ್ಳುತಂತಿ ಕತೆಯೂ ಕೇಳಿ. ಅದು ಹುಟ್ಟಿದ್ದು ಅಮೆರಿಕದ ದನದ ಸೀಮೆಗೇ. ಇಲಿನಾಯ್ ರಾಜ್ಯದ ಗ್ಲಿಡನ್ ಅನ್ನೋ ರೈತ 1874ರಲ್ಲಿ ಪೇಟೆಂಟ್ ತಗೊಂಡ. ಅದಕ್ಕೂ ಮೊದಲು ಅಲ್ಲೂ ಕಲ್ಲುಗೋಡೆಯೇ. ಕಾನ್ಸಾಸ್ ರಾಜ್ಯದಲ್ಲಿ ಫ್ಲಿಂಟ್ ಹಿಲ್ಸ್ ಅಂತ ಹುಲ್ಲುಗಾವಲು ಬೆಟ್ಟಗಳಿದಾವೆ. ದನಗಳನ್ನ ಎಲ್ಲೆಂದರಲ್ಲಿ ಬಿಡಬಾರದು ಅಂತ 1867ರಲ್ಲಿ ಕಾನೂನು ಮಾಡಿದಾಗ, ನಾಲ್ಕೂವರೆ ಅಡಿ ಎತ್ತರದ ಕಲ್ಲುಬೇಲಿ ಕಟ್ಟಿದ ರೈತನಿಗೆ ಹದಿನಾರೂವರೆ ಅಡಿ ಉದ್ದಕ್ಕೆ 40 ಸೆಂಟ್ ಅಂತ ಲೆಕ್ಕ ಹಾಕಿ ಕೊಟ್ಟರು. ತಂತಿ ಬಂದ ಮೇಲೆ ಕಲ್ಲು ಜೋಡಿಸೋದು ನಿಂತೇಹೋಯ್ತು. ಆದ್ರೂ ಹಳೇ ಗೋಡೆಗಳು ಇನ್ನೂ ಇದಾವೆ. ನಮ್ಮ ಮಗ ಫೋನಲ್ಲಿ ಫೋಟೋ ತೋರಿಸಿದ, ನಮ್ಮ ಓಣಿ ಗೋಡೆ ತರಾನೇ ಇದೆ.

ಈಗ ನನ್ನ ತಂತಿ ಬೇಲಿ ಕತೆಗೆ ಬರ್ತೀನಿ.

ಮೊದಲ ವರ್ಷ ಚೆನ್ನಾಗೇ ಇತ್ತು. ಎರಡನೇ ವರ್ಷ ಜೋರು ಮಳೆ ಬಿದ್ದಾಗ ಗೋಡೆ ಇದ್ದ ಕಡೆ ಕೊರಕಲು ಬಿತ್ತು. ನಮ್ಮ ಹೊಲ ಓಣಿ ಕಡೆಗೆ ಇಳಿಜಾರು. ಅಷ್ಟು ವರ್ಷ ಗೋಡೆ ಹಿಂದೆ ನಿಂತಿದ್ದ ಮೇಲ್ಮಣ್ಣು ಓಣಿಗಿಳಿದು ಕೆರೆ ಸೇರ್ತು. ಆಮೇಲೆ ಉದ್ಯೋಗ ಖಾತ್ರಿಯಲ್ಲಿ ಮಣ್ಣಿನ ಬದು ಹಾಕಿಸಿದೆ. ಅಂದ್ರೆ ಇದ್ದ ಕಲ್ಲುಬದು ಮಾರಿ ಸರ್ಕಾರದ ದುಡ್ಡಲ್ಲಿ ಮಣ್ಣುಬದು ಮಾಡಿಸ್ಕೊಂಡೆ. ನಾಲ್ಕನೇ ವರ್ಷ ನಮ್ಮದೇ ಎಮ್ಮೆ ತಂತಿ ದಾಟೋಕೆ ಹೋಗಿ ಕೆಚ್ಚಲು ಹರ್ಕೊಂತು. ಡಾಕ್ಟ್ರು ಹೊಲಿಗೆ ಹಾಕಿದ್ರು, ಒಂದು ಮೊಲೆ ಬತ್ತೇಹೋಯ್ತು.

ಇದೆಲ್ಲ ಹೋಗಲಿ. ದೊಡ್ಡ ತಪ್ಪು ಬೇರೆ ಇದೆ. ಗೋಡೆ ಇದ್ದಾಗ ಹೊಲ ಎಲ್ಲಿ ಮುಗೀತು, ಓಣಿ ಎಲ್ಲಿ ಶುರುವಾಯ್ತು ಅಂತ ಯಾರಿಗೂ ಅನುಮಾನ ಇರಲಿಲ್ಲ. ಗೋಡೆ ತೆಗೆದ ಮೇಲೆ ನೇಗಿಲು ಅರ್ಧ ಅಡಿ ಹೊರಗೆ ತಿರುಗಿಸಿದ್ರೆ ಕೇಳೋರು ಯಾರು? ಕಂಬ ವಾಲಿದಾಗ ಮತ್ತೆ ನೆಡ್ತಾ ಒಂದಡಿ ಆಚೆ ನೆಟ್ಟೆ. ಬೇಕು ಅಂತ ಕೂತು ಯೋಚನೆ ಮಾಡಿ ಮಾಡಿದ್ದಲ್ಲ, ಆದ್ರೆ ಗೊತ್ತಿಲ್ಲದೆ ಮಾಡಿದೆ ಅಂತಾನೂ ಹೇಳಲಾರೆ. ನನ್ನ ನೋಡಿ ಎದುರು ಹೊಲದವರೂ ಕಲ್ಲು ಮಾರಿದ್ರು, ಅವರ ಕಂಬವೂ ಈಚೆ ಬಂತು. ಹದಿನಾರು ಅಡಿ ಓಣಿ ಆ ಜಾಗದಲ್ಲಿ ಈಗ ಏಳಡಿ. ಹೋದ ತಿಂಗಳು ನಾನೇ ಟೇಪು ಹಿಡಿದು ಅಳೆದೆ. ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಇಲ್ಲಿ ಹೊಲವೇ ಎದ್ದು ಓಣಿ ಮೇಯ್ತು.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕುರಿಗಾಹಿಗಳು ಇದೇ ಓಣಿಯಲ್ಲಿ ಬರ್ತಿದ್ರು. ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸ್ತಿದ್ರು. ಎಂಟು ರಾತ್ರಿ ಮಂದೆ ಕೂತ್ರೆ ಮುಂದಿನ ವರ್ಷ ರಾಗಿ ತೆನೆ ನೋಡೋಕೇ ಚೆಂದ. ಏಳಡಿ ಓಣೀಲಿ ಎರಡೂ ಕಡೆ ಮುಳ್ಳುತಂತಿ, ಮುನ್ನೂರು ಕುರಿ ಹೆಂಗೆ ಹಾಯ್ತಾವೆ? ಮೈಯೆಲ್ಲ ಗಾಯ, ಉಣ್ಣೆ ತಂತಿಯಲ್ಲಿ. ಮೂರು ವರ್ಷದಿಂದ ಅವರು ಈ ಕಡೆ ಬರೋದು ಬಿಟ್ಟು ಟಾರ್ ರೋಡಲ್ಲೇ ಸುತ್ತಿ ಹೋಗ್ತಾರೆ. ನಾನೀಗ ಲಾರಿ ಲೆಕ್ಕದಲ್ಲಿ ಗೊಬ್ಬರ ಕೊಳ್ತೀನಿ. 22 ಲೋಡು ಕಲ್ಲಿನ ದುಡ್ಡು ಎರಡು ಲಾರಿ ಗೊಬ್ಬರಕ್ಕೇ ಸರಿಹೋಯ್ತು.

ಅದಕ್ಕೇ ಭಾನುವಾರಕ್ಕೆ ಮುಂಚೆ ಹೇಳ್ತಿದೀನಿ. ರೊಪ್ಪದ ಕಲ್ಲು ಬರೀ ಕಲ್ಲಲ್ಲ, ಅದು ಸಾಕ್ಷಿ. ಇಲ್ಲಿ ಗೋಮಾಳ ಇತ್ತು, ಇಲ್ಲಿ ಮಂದೆ ನಿಲ್ತಿತ್ತು, ಇದು ದನದ ದಾರಿ ಅಂತ ನೆಲದ ಮೇಲೆ ಬರೆದಿಟ್ಟ ಸಾಕ್ಷಿ. ಗ್ರಾಮನಕ್ಷೆಯಲ್ಲಿ ದಾರಿ ಇರಬಹುದು, ಪಹಣಿಯಲ್ಲಿ ಖರಾಬು ಅಂತ ಇರಬಹುದು. ಆದ್ರೆ ಸರ್ವೆಯವರು ಬಂದು ಚೈನು ಹಿಡಿಯೋವರೆಗೆ ಒತ್ತುವರಿ ತಡೆಯೋದು ಕಾಗದ ಅಲ್ಲ, ಕಣ್ಣಿಗೆ ಕಾಣೋ ಗೋಡೆ. 1966ರ ಭೂಕಂದಾಯ ನಿಯಮದಲ್ಲಿ ನೂರು ದನಕ್ಕೆ 12 ಹೆಕ್ಟೇರ್, ಅಂದ್ರೆ 30 ಎಕರೆ ಗೋಮಾಳ ಇರಬೇಕು ಅಂತಿದೆ. ನಮ್ಮೂರಲ್ಲಿ ದನ ಎಷ್ಟು, ಗೋಮಾಳ ಎಷ್ಟು ಅಂತ ಲೆಕ್ಕ ಹಾಕಿದ್ರೆ ನಮಗೇ ನಾಚಿಕೆ ಆಗುತ್ತೆ. ಉಳಿದಿರೋದಕ್ಕೆ ಗುರುತು ಅಂತ ಇರೋದೇ ಆ ರೊಪ್ಪ. ಅದನ್ನ ತೆಗೆದು ನೆಲ ಸಮ ಮಾಡಿದ್ರೆ ಎರಡು ವರ್ಷದಲ್ಲಿ ಯಾರೋ ಒಬ್ಬರು ಹುರುಳಿ ಚೆಲ್ಲಿರ್ತಾರೆ, ನಾಲ್ಕನೇ ವರ್ಷ ಸಾಗುವಳಿ ಚೀಟಿಗೆ ಅರ್ಜಿ ಹಾಕಿರ್ತಾರೆ. ಯಾರು ಅಂತ ಕೇಳಬೇಡಿ, ನಮ್ಮಲ್ಲೇ ಒಬ್ಬರು. ನಾನೂ ಆಗಿರಬಹುದು.

ದೊಡ್ಡ ಕಾವಲುಗಳಿಗೆ ಆಗಿದ್ದೂ ಇದೇ. ಹೆಚ್ಚು ಆಹಾರ ಬೆಳೆಯಿರಿ ಅಂತ ಒಂದಷ್ಟು ಹೋಯ್ತು, ಹಂಚಿಕೆಗೆ ಒಂದಷ್ಟು, ಒತ್ತುವರಿಗೆ ಒಂದಷ್ಟು. ಚಳ್ಳಕೆರೆ ಕಡೆ ಹತ್ತು ಸಾವಿರ ಎಕರೆ ಸುಮಾರು ಕಾವಲು ರಕ್ಷಣೆ, ವಿಜ್ಞಾನದ ಸಂಸ್ಥೆಗಳಿಗೆ ಹೋಯ್ತು. ದೇಶಕ್ಕೆ ಅವೂ ಬೇಕು, ನಾನು ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಎದ್ದ ಉದ್ದನೆ ಗೋಡೆಗೂ ನಮ್ಮ ಓಣಿ ಗೋಡೆಗೂ ವ್ಯತ್ಯಾಸ ನೋಡಿ. ನಮ್ಮ ಗೋಡೆ ದನಕ್ಕೆ ದಾರಿ ಬಿಟ್ಟು ಕಟ್ಟಿದ್ದು, ಆ ಗೋಡೆಯಲ್ಲಿ ದನಕ್ಕೆ ದಾರಿ ಇಲ್ಲ. ದೊಡ್ಡವರ ಗೋಡೆ ನಾವು ತಡೆಯೋಕಾಗಲಿಲ್ಲ. ನಮ್ಮ ಗೋಡೆ ನಾವೇ ಕೆಡವದೆ ಇರೋದಂತೂ ನಮ್ಮ ಕೈಲಿದೆ.

ಎದುರು ಮಾತು ಗೊತ್ತಿದೆ. "ಕಾಡುಹಂದಿ ಬರ್ತಾವೆ, ಕಲ್ಲುಗೋಡೆ ಉರುಳಿಸ್ತಾವೆ." ಹೌದು, ಉರುಳಿಸ್ತಾವೆ. ತಂತಿ ಬೇಡ ಅಂತ ನಾನು ಹೇಳ್ತಿಲ್ಲ. ಗೋಡೆ ಇಟ್ಕೊಂಡೇ ಒಳಗಡೆ ಸೋಲಾರ್ ತಂತಿ ಎಳೀರಿ, ಬೇಡ ಅಂದವರ್ಯಾರು? ಮನೆ ಕರೆಂಟು ಮಾತ್ರ ನೇರ ಕೊಡಬೇಡಿ, ಅದು ಅಪರಾಧ, ಮನುಷ್ಯರೇ ಸತ್ತಿದಾರೆ. "ರಿಪೇರಿ ಮಾಡೋರು ಇಲ್ಲ." ಇದೂ ನಿಜ. ಕಲ್ಲು ಜೋಡಿಸೋಕೆ ಬರೋರು ನಮ್ಮೂರಲ್ಲಿ ಈಗ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ. ಅವರು ಕಲಿಸೋಕೆ ತಯಾರಿದಾರೆ, ಕಲಿಯೋಕೆ ಯಾರೂ ಹೋಗಿಲ್ಲ ಅಷ್ಟೆ. "ಹಾವು ಇರ್ತಾವೆ." ಇರ್ತಾವೆ, ಮುಂಗುಸಿಯೂ ಇರುತ್ತೆ. ಇಲಿ ತಿನ್ನೋರು ಯಾರು ಅಂತ ಕಡಲೆಕಾಯಿ ಬೆಳೆಯೋರು ಹೇಳಲಿ. "ದೇವರ ಕೆಲಸ ನಿಂತಿದೆ." ಇದಕ್ಕೆ ಮಾತ್ರ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಮೇಲ್ಛಾವಣಿ ಆಗಬೇಕು. ಆದ್ರೆ ಗೋಮಾಳದ ಕಲ್ಲು ಊರಿನದೇ ಆದ್ರೂ ಮಾರೋ ಅಧಿಕಾರ ಊರಿಗಿಲ್ಲ, ಅದು ಸರ್ಕಾರಿ ಜಾಗ. ನಾಳೆ ಯಾರೋ ಅರ್ಜಿ ಹಾಕಿದ್ರೆ ದೇವಸ್ಥಾನದ ಹೆಸರಲ್ಲಿ ನಾವು ತಾಲ್ಲೂಕು ಆಫೀಸಿಗೆ ಅಲೀಬೇಕು.

ನಾನು ಭಾನುವಾರ ಹೇಳೋದು ಇಷ್ಟು. ಒಂದು, ರೊಪ್ಪಕ್ಕೂ ಓಣಿ ಗೋಡೆಗೂ ಕೈ ಹಚ್ಚೋದು ಬೇಡ. ಎರಡು, ಪಂಚಾಯ್ತಿ ಮೂಲಕ ಓಣಿ ಸರ್ವೆಗೆ ಅರ್ಜಿ ಕೊಡೋಣ. ಮೊದಲ ಅಳತೆ ನನ್ನ ಹೊಲದಿಂದಲೇ ಆಗಲಿ. ನಾನು ಎಷ್ಟು ಅಡಿ ಒತ್ತಿದೀನೋ ಅಷ್ಟು ಬಿಡ್ತೀನಿ, ಬೆಳೆ ಇದ್ರೂ ಬಿಡ್ತೀನಿ. ಆಗ ಎದುರು ಹೊಲದವರನ್ನ ಕೇಳೋ ಮುಖ ನನಗಿರುತ್ತೆ. ಮೂರು, ಮೇಲ್ಛಾವಣಿಗೆ ಮನೆಗೆ ಇಷ್ಟು ಅಂತ ಹಾಕೋಣ. ನನ್ನ ಪಾಲಿನ ಜೊತೆಗೆ ಆ 22 ಲೋಡಿನ ನೆನಪಿಗೆ ಇನ್ನೂ ಐದು ಸಾವಿರ ನಂದು.

ರೊಪ್ಪದ ಒಳಗೆ ನಿನ್ನೆ ಸಂಜೆ ಹೋಗಿದ್ದೆ. ಪೂರ್ವದ ಕಡೆ ಮೂರು ಮಾರು ಉದ್ದ ಬಿದ್ದಿದೆ, ಉಳಿದಿದ್ದು ಗಟ್ಟಿ ಇದೆ. ಬಿದ್ದ ಕಲ್ಲು ಅಲ್ಲೇ ಇದಾವೆ. ನಾಲ್ಕು ಜನ ಸೇರಿದ್ರೆ ಎರಡು ದಿನದ ಕೆಲಸ. ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಅಲ್ಲಿರ್ತೀನಿ, ಎಪ್ಪತ್ತು ದಾಟಿದ ಆ ಇಬ್ಬರಲ್ಲಿ ಒಬ್ಬರು ಬಂದು ಕೂತು ಹೇಳಿಕೊಡ್ತೀನಿ ಅಂದಿದಾರೆ. ಬರೋರು ಹಾರೆ ತನ್ನಿ, ಕೈಗೆ ಹಳೇ ಬಟ್ಟೆ ಸುತ್ಕೊಳ್ಳಿ, ಕಲ್ಲು ಎತ್ತೋ ಮುಂಚೆ ಕೋಲಲ್ಲಿ ತಟ್ಟಿ, ಚೇಳು ಇರ್ತಾವೆ. ಕಾಫಿ, ಉಪ್ಪಿಟ್ಟು ನಮ್ಮನೆಯದು.

ನಿಮ್ಮೂರಲ್ಲಿ ರೊಪ್ಪ, ದೊಡ್ಡಿ, ಓಣಿ ಉಳಿದಿದ್ರೆ ಫೋಟೋ ಹಾಕಿ. ಎಷ್ಟು ಅಡಿ ಇತ್ತು, ಈಗ ಎಷ್ಟು ಅಡಿ ಇದೆ ಅಂತಾನೂ ಬರೀರಿ. ಟೇಪು ಹಿಡಿದು ಅಳೆದು ಬರೀರಿ, ಅಂದಾಜು ಬೇಡ.